ಆಕ್ಸಿಜನ್ ಹಾಕಿಕೊಂಡೇ ನಡೆಯಲು ಕಲಿತದ್ದು

ನನಗೆ ಐಎಲ್‌ಡಿ ಇದೆ. ಶ್ವಾಸಕೋಶ ಬರಬರುತ್ತಾ ಗಟ್ಟಿಯಾಗುವ ಕಾಯಿಲೆ. ಸುಮ್ನೆ ಕೂತಿದ್ದರೆ ಬೆರಳಿನ ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಶೇಕಡಾ 95 ತೋರಿಸುತ್ತದೆ. ಆಕ್ಸಿಜನ್ ಮಷಿನ್ ಮನೆಗೆ ಬಂದ ಮೇಲೂ ಎರಡು ತಿಂಗಳು ಅದನ್ನು ತಪ್ಪಾಗಿ ಬಳಸಿದೆ. ನಡೆದು ಬಂದು, ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತು, ಆಮೇಲೆ ಪೈಪು ಮೂಗಿಗೆ ಹಾಕಿಕೊಳ್ಳುತ್ತಿದ್ದೆ.

ತಪ್ಪು ತಿಳಿದದ್ದು ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ. 30 ಮೀಟರ್ ಕಾರಿಡಾರ್‌ನಲ್ಲಿ ಅತ್ತಿಂದಿತ್ತ ನಡೆಸಿದರು. ನಾಲ್ಕನೇ ನಿಮಿಷಕ್ಕೆ 82! ಕೂರಿಸಿ, ಸುಧಾರಿಸಿಕೊಂಡ ಮೇಲೆ ಆಕ್ಸಿಜನ್ ಹಾಕಿ ಮತ್ತೆ ನಡೆಸಿದರು. ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಸಾಲಲಿಲ್ಲ. 3ಕ್ಕೆ ಏರಿಸಿದಾಗ 90ರ ಮೇಲೆ ನಿಂತಿತು. "ಅಮ್ಮಾ, ಇದು ನಿಮಗೆ ಬೇಕಾಗಿರೋದೇ ನಡೆಯುವಾಗ" ಎಂದರು ಫಿಸಿಯೋ. ದಮ್ಮಿಗೆ ಹೆದರಿ ಕೂತಷ್ಟೂ ಕಾಲಿನ ಬಲ ಹೋಗುತ್ತದೆ. ಆಗ ನಾಲ್ಕು ಹೆಜ್ಜೆಗೇ ದಮ್ಮು ಬರುತ್ತದೆ, ಅಲ್ವಾ? ನನಗೆ ಆಗಿದ್ದೂ ಅದೇ.

ಈಗ ಹೊರಡುವ ಮುಂಚೆಯೇ ಹಾಕಿಕೊಳ್ಳುತ್ತೇನೆ. 15 ಮೀಟರ್ ಪೈಪು ಹಾಲ್‌ನಿಂದ ಹಿತ್ತಲ ಬಾಗಿಲವರೆಗೆ ಬರುತ್ತದೆ. ಒಮ್ಮೆ ಕಾಲಿಗೆ ಸಿಕ್ಕಿ ಬೀಳುವುದರಲ್ಲಿದ್ದೆ. ಅಂದಿನಿಂದ ಒಂದು ಸುತ್ತು ಕೈಯಲ್ಲೇ ಹಿಡಿದಿರುತ್ತೇನೆ. ಮೊದಲ ವಾರ ಐದು ನಿಮಿಷ ನಡೆದು ಎರಡು ನಿಮಿಷ ಕೂರುತ್ತಿದ್ದೆ. ಈಗ 20 ನಿಮಿಷ ಆಗುತ್ತದೆ. 88 ಮುಟ್ಟಿದರೆ ನಿಲ್ಲುತ್ತೇನೆ. ನಿಂತ ಮೇಲೂ ಸ್ವಲ್ಪ ಹೊತ್ತು ಸಂಖ್ಯೆ ಇಳಿಯಬಹುದು, ಗಾಬರಿ ಬೇಡ. ಬೆರಳು ತಣ್ಣಗಿದ್ದರೂ ತಪ್ಪು ತೋರಿಸುತ್ತದೆ, ಉಜ್ಜಿ ಬಿಸಿ ಮಾಡಿಕೊಳ್ಳಿ.

ಲೀಟರ್ ಮಾತ್ರ ನಾನಾಗಿ ಏರಿಸುವುದಿಲ್ಲ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಅದು ಅಪಾಯ. ನನ್ನ ಸಂಖ್ಯೆ ನಿಮ್ಮದಲ್ಲ.

ದೇವರ ಮನೆಯ ದೀಪ, ಗ್ಯಾಸ್ ಒಲೆ ಹತ್ತಿರ ಪೈಪು ಒಯ್ಯುವಂತಿಲ್ಲ. ಅದಕ್ಕೇ ನಡಿಗೆ ಮುಗಿಸಿ, ಮಷಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ದೀಪ ಹಚ್ಚುತ್ತೇನೆ. ಮೂಗು ಒಣಗಿದರೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಆಕ್ಸಿಜನ್ ಇರುವಲ್ಲಿ ಬೇಗ ಬೆಂಕಿ ಹತ್ತುವ ಎಣ್ಣೆ, ಜಿಡ್ಡು ಕೂಡದು ಎಂದು ತಿಳಿದ ಮೇಲೆ ಬಿಟ್ಟೆ. ಕರೆಂಟ್ ಹೋದರೆ ಇರಲಿ ಎಂದು ಒಂದು ಸಣ್ಣ ಸಿಲಿಂಡರ್ ಇದೆ.

ಹೊರಗೆ ಹೋಗಲು ಹೆಗಲಿಗೆ ಹಾಕುವ ಬ್ಯಾಟರಿ ಮಷಿನ್ ತೆಗೆದುಕೊಂಡೆವು. ಅದು ಉಸಿರು ಎಳೆದಾಗ ಮಾತ್ರ ಆಕ್ಸಿಜನ್ ಬಿಡುತ್ತದೆ. ಅದರಲ್ಲಿ 3 ಅಂದರೆ 3 ಲೀಟರ್ ಅಲ್ಲ. ಹಾಗಾಗಿ ಅದನ್ನು ಹಾಕಿಕೊಂಡೇ ಇನ್ನೊಮ್ಮೆ ನಡಿಗೆ ಪರೀಕ್ಷೆ ಮಾಡಿಸಿದ ಮೇಲೆಯೇ ದುಡ್ಡು ಕೊಟ್ಟದ್ದು.

ಬೀದಿಯಲ್ಲಿ ಎಲ್ಲರೂ ನೋಡುತ್ತಾರೆ ಎಂಬ ಅಳುಕಿತ್ತು. ಪಕ್ಕದ ಮನೆಯವರು ಗೇಟಿಗೆ ಬಂದು, "ಎಷ್ಟು ದಿನ ಆಯ್ತು ಟೀಚರೇ ನಿಮ್ಮನ್ನ ನೋಡಿ" ಎಂದರು. ಅವರ ಜೊತೆಗೇ ಹಾಲಿನ ಬೂತ್‌ವರೆಗೆ ಹೋಗಿ ಬಂದೆ.