ಇಥಿಯೋಪಿಯಾದ ಕ್ಲಾಸಿಗೆ ಎಂಟು ನಿಮಿಷದ ವಿಡಿಯೊ: ಪಾಠಕ್ಕೆ ಹೊಂದಿಸುವುದು ಹೇಗೆ?

ಇಥಿಯೋಪಿಯಾದ ವಿಶ್ವವಿದ್ಯಾಲಯಗಳಿಗೆ ಕಲಿಸಲು ಹೋಗುವ ನಮ್ಮ ಮೇಷ್ಟ್ರುಗಳಿಗೆ ಆನ್‌ಲೈನ್ ಕೋರ್ಸಿನ ವಿಡಿಯೊಗಳು ದೊಡ್ಡ ಆಸರೆ. ಆದರೆ ಪ್ರೊಜೆಕ್ಟರ್ ಹಚ್ಚಿ, ವಿಡಿಯೊ ಬಿಟ್ಟು, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತರೆ ಅದು ಪಾಠ ಅಲ್ಲ.

ಮೊದಲು ಆಯ್ಕೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಶುರುಮಾಡಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸು ಯೋಜನೆಯ ಹಳೆಯ ಪಾಠಗಳು ಹೆಚ್ಚುಕಡಿಮೆ ಒಂದು ಗಂಟೆಯವು. ಪೂರ್ತಿ ಬೇಡ. ಒಂದೇ ಕಗ್ಗಂಟು ಬಿಡಿಸುವ ಎಂಟು ನಿಮಿಷದ ತುಂಡು ಸಾಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ನೆಟ್‌ನಲ್ಲಿ ಪುಕ್ಕಟೆ ಇಟ್ಟಿರುವ ಓಪನ್‌ಕೋರ್ಸ್‌ವೇರ್ ಪಾಠಗಳಾದರೂ ಸರಿ, ಮೂಲದ ಹೆಸರು ಹಾಕಿ, ದುಡ್ಡು ಮಾಡದೆ ಬಳಸಬಹುದು.

ಎಲ್ಲವನ್ನೂ ಊರಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅಲ್ಲಿನ ನೆಟ್ ನಂಬಿ ಹೋಗಬೇಡಿ. 2017ರಲ್ಲಿ ಪ್ರಶ್ನೆಪತ್ರಿಕೆ ಸೋರಬಾರದು ಅಂತ ದೇಶದಲ್ಲೆಲ್ಲ ಇಂಟರ್ನೆಟ್ ನಿಲ್ಲಿಸಿದ್ದರು! ಫುಟ್‌ಪಾತಿನ ಅಗ್ಗದ ಪೆನ್‌ಡ್ರೈವ್ ಮಾತ್ರ ಬೇಡವೇ ಬೇಡ. ಮೇಲೆ 64 ಜಿಬಿ ಅಂತಿರುತ್ತದೆ, ಅರ್ಧ ಫೈಲು ತೆರೆಯುವುದೇ ಇಲ್ಲ.

ಈಗ ಎಲ್ಲರೂ ಎಡವುವ ಜಾಗ: ವಿಡಿಯೊವನ್ನು ಎಲ್ಲಿ ನಿಲ್ಲಿಸಬೇಕು? ಉತ್ತರ ಬರುವ ಮುಂಚೆ. ಮುಗಿದ ಮೇಲೆ 'ಅರ್ಥವಾಯಿತಾ?' ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಷ್ಟೇ. ಥೆವೆನಿನ್ ಪ್ರಮೇಯ (ಜಟಿಲ ಸರ್ಕ್ಯೂಟನ್ನು ಒಂದು ಬ್ಯಾಟರಿ, ಒಂದು ರೆಸಿಸ್ಟರಿಗೆ ಇಳಿಸುವ ನಿಯಮ) ಅಂತಿಟ್ಟುಕೊಳ್ಳಿ. ಪ್ರೊಫೆಸರ್ ಲೋಡ್ ರೆಸಿಸ್ಟರನ್ನು, ಅಂದರೆ ಸರ್ಕ್ಯೂಟಿನಿಂದ ಕರೆಂಟ್ ಪಡೆಯುವ ಭಾಗವನ್ನು ತೆಗೆದರಲ್ಲ, ಅಲ್ಲೇ ನಿಲ್ಲಿಸಿ. ಬೋರ್ಡಿನ ಮೇಲೆ ನಿಮ್ಮದೇ ಅಂಕಿ ಹಾಕಿ: 12 ವೋಲ್ಟಿನ ಬ್ಯಾಟರಿ, ಸಾಲಾಗಿ 4 ಓಮ್ ಮತ್ತು 8 ಓಮ್, ಲೋಡ್ ಇದ್ದದ್ದು 8 ಓಮಿನ ಎರಡು ತುದಿಗೆ. ಈಗ ಆ ತುದಿಗಳ ನಡುವೆ ಎಷ್ಟು ವೋಲ್ಟ್? ಕೈ ಎತ್ತಿಸಬೇಡಿ, ಮುಂದಿನ ಸಾಲಿನ ಇಬ್ಬರೇ ಹೇಳುತ್ತಾರೆ. ಎಲ್ಲರೂ ನೋಟ್ಸಿನಲ್ಲಿ ಬರೆಯಲಿ, ನೀವು ಬೆಂಚುಗಳ ನಡುವೆ ಓಡಾಡಿ. 12 ಅಂತ ಬರೆದವರು ಸಿಕ್ಕೇ ಸಿಗುತ್ತಾರೆ. ಲೋಡ್ ತೆಗೆದರೆ ಕರೆಂಟೇ ಹರಿಯುವುದಿಲ್ಲ ಅಂದುಕೊಂಡಿರುತ್ತಾರೆ. ಆದರೆ 4 ಮತ್ತು 8 ಓಮಿನ ಮೂಲಕ ಅದು ಹರಿಯುತ್ತಲೇ ಇರುತ್ತದೆ, 12 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ. ಸರಿಯಾದ ಉತ್ತರ 8. ಆದರೆ ಆಗಲೇ ಬಾಯಿ ಬಿಡಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲಿ, ಅಮ್ಹಾರಿಕ್, ಒರೊಮೊ ಯಾವುದಾದರೂ ಸರಿ. ಪಾಠ ಇಂಗ್ಲಿಷಿನಲ್ಲಿದ್ದರೂ ಜಗಳ ಅವರ ಮಾತಿನಲ್ಲೇ ಚೆನ್ನ ಅಲ್ವಾ? ಆಮೇಲೆ ವಿಡಿಯೊ ಮುಂದುವರಿಸಿ.

ನಮ್ಮವರ ಇಂಗ್ಲಿಷ್ ಉಚ್ಚಾರಣೆ ಅವರಿಗೆ ಹೊಸದು. ಸಬ್‌ಟೈಟಲ್ ಹಾಕಿ, ಆದರೆ ಮೊದಲೇ ಓದಿ ನೋಡಿ. ಯಂತ್ರ ಬರೆದದ್ದಾದರೆ 'ಥೆವೆನಿನ್' ಏನೇನೋ ಆಗಿರುತ್ತದೆ.

ಹೋಮ್‌ವರ್ಕ್ ಕೊಡುವಾಗ ಗಂಟೆ ನೋಡಿಕೊಂಡು ಹೇಳಿ. ಅಲ್ಲಿ ಹಗಲಿನ ಲೆಕ್ಕ ಬೆಳಿಗ್ಗೆ 6ರಿಂದ ಶುರು, ಹಗಲು 3 ಗಂಟೆ ಅಂದರೆ ನಮ್ಮ ಬೆಳಿಗ್ಗೆ 9. ಬೋರ್ಡಿನ ಮೇಲೆ ಎರಡೂ ಬರೆದುಬಿಡಿ.