ದ್ರೋಮ್‌ನಿಂದ ವಾಂಟೂವರೆಗೆ: ಸಣ್ಣ ರಸ್ತೆ ಹಿಡಿದು ಸೈಕಲ್ ತುಳಿದ ಅನುಭವ

ಫ್ರಾನ್ಸಿನ ಹಳ್ಳಿಗಾಡಿಗೆ ಸೈಕಲ್ ತೆಗೆದುಕೊಂಡು ಹೋಗಬೇಕು ಅಂದಾಗಲೆಲ್ಲ ನಾನು ಮೊದಲು ಮಿಶೆಲಿನ್ ಕಂಪನಿಯ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತೇನೆ. ಅದರಲ್ಲಿ ದೊಡ್ಡ ರಸ್ತೆಗೆ ಕೆಂಪು ಬಣ್ಣ, ಅದಕ್ಕಿಂತ ಚಿಕ್ಕದಕ್ಕೆ ಹಳದಿ. ಊರಿಂದೂರಿಗೆ ಹೋಗುವ ಸಣ್ಣ ರಸ್ತೆಗಳು ಬಿಳಿ. ನನಗೆ ಬೇಕಾದ್ದು ಆ ಬಿಳಿ ರಸ್ತೆಗಳು. ಪಕ್ಕದಲ್ಲಿ ಹಸಿರು ಗೆರೆ ಎಳೆದಿದ್ದರೆ ಅಲ್ಲಿ ನೋಡುವಂಥ ನೋಟ ಇದೆ ಅಂತ ಅರ್ಥ. ರಸ್ತೆಯ ಮೇಲೆ ಸಣ್ಣ ಬಾಣದ ಗುರುತು ಕಂಡರೆ ಏರು. ಒಂದು ಬಾಣವಾದರೆ ಉಸಿರು ಬಿಗಿಹಿಡಿಯಬೇಕಿಲ್ಲ, ಮೂರು ಬಾಣ ಇದ್ದರೆ ಶೇ. 13ಕ್ಕಿಂತ ಜಾಸ್ತಿ ಏರು. ಮೊಬೈಲ್ ಆ್ಯಪ್ ಹತ್ತಿರದ ದಾರಿ ತೋರಿಸುತ್ತದೆ. ಒಳ್ಳೆಯ ದಾರಿ ಯಾವುದು ಅನ್ನೋದು ನನಗೆ ಈ ನಕ್ಷೆಯಲ್ಲೇ ಕಾಣುವುದು.

ಕೆಲಸದ ಮೇಲೆ ಲಿಯಾನ್ ನಗರದಲ್ಲಿ ಇರುವುದರಿಂದ ನನಗೆ ಹತ್ತಿರವಾಗಿದ್ದು ರೋನ್ ನದಿಯ ಪೂರ್ವಕ್ಕಿರುವ ದ್ರೋಮ್ ಮತ್ತು ವೊಕ್ಲೂಸ್ ಸೀಮೆ. ಇಲ್ಲಿ ದಾರಿ ಯೋಚಿಸುವ ಮೊದಲು ಗಾಳಿ ಯೋಚಿಸಬೇಕು. ಉತ್ತರದಿಂದ ರೋನ್ ಕಣಿವೆ ಹಿಡಿದು ಮಿಸ್ತ್ರಾಲ್ ಎಂಬ ಗಾಳಿ ಬೀಸುತ್ತದೆ. ಶುರುವಾದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಹೊಲಗಳ ಉತ್ತರದ ಅಂಚಿಗೆ ಸಾಲಾಗಿ ಸೈಪ್ರಸ್ ಮರ ನೆಟ್ಟಿರುತ್ತಾರೆ, ಹಳೆಯ ಮನೆಗಳ ಉತ್ತರದ ಗೋಡೆಗೆ ಕಿಟಕಿ ಕಡಿಮೆ. ಎಲ್ಲ ಈ ಗಾಳಿಯಿಂದಲೇ. ಹಾಗಾಗಿ ಹೊರಟಲ್ಲಿಗೇ ಸುತ್ತಿ ಬರುವ ದಾರಿ ನಾನು ಹಾಕುವುದಿಲ್ಲ. ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ನೇತುಹಾಕಿ ಮೋಂತೆಲಿಮಾರ್‌ನಲ್ಲಿ ಇಳಿಯುತ್ತೇನೆ. ದಕ್ಷಿಣಕ್ಕೆ ತುಳಿದು ಒರಾಂಜ್‌ನಲ್ಲಿ ಮತ್ತೆ ರೈಲು ಹತ್ತುತ್ತೇನೆ. ಗಾಳಿ ಬಂದರೂ ಹೆಚ್ಚಿನ ದಾರಿ ಬೆನ್ನಿಗೇ ಬರುತ್ತದೆ.

ಮೋಂತೆಲಿಮಾರ್‌ನಿಂದ ಗ್ರಿನ್ಯಾನ್ ಕೋಟೆಯ ಊರು ದಾಟಿ ನಿಯೋನ್ಸ್‌ಗೆ ಸುಮಾರು 50 ಕಿ.ಮೀ. ಮೊದಲ ದಿನಕ್ಕೆ ಅಷ್ಟು ಸಾಕು. ನಿಯೋನ್ಸ್ ಕಪ್ಪು ಆಲಿವ್‌ಗೆ ಹೆಸರಾದ ಊರು. ಅಲ್ಲಿಂದ ಸ್ಯಾಂತ್-ಜಾಲ್ ಹಳ್ಳಿಯ ಮೇಲೆ ಹೋಗಿ 718 ಮೀಟರ್ ಎತ್ತರದ ಕೋಲ್ ದೇ ಕಣಿವೆದಾರಿ ಹತ್ತಿ ಇಳಿದರೆ ಬುಯಿ-ಲೆ-ಬಾರೊನಿ. ಜೂನ್ ಹೊತ್ತಿಗೆ ಹೋದರೆ ಇಲ್ಲಿ ತಿಯಲ್ ಮರಗಳು ಹೂಬಿಟ್ಟಿರುತ್ತವೆ. ಆ ಹೂವನ್ನು ಒಣಗಿಸಿ ಕಷಾಯ ಮಾಡಿ ಕುಡಿಯುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಿಧಾನವಾಗಿ ಬರುವಾಗ ಊರು ಕಾಣುವ ಮೊದಲೇ ಜೇನಿನಂಥ ಘಮ ಮೂಗಿಗೆ ಬಡಿಯುತ್ತದೆ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈ ಸೀಮೆಯ ಹಳ್ಳಿಗಳಲ್ಲಿ ಬೇಸಿಗೆಯ ಮಧ್ಯಾಹ್ನ ಒಂದು ಅಂಗಡಿಯೂ ತೆರೆದಿರುವುದಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಅಂಗಡಿಯೇ ಇಲ್ಲ. ಆಗ ನಾನು ಹೋಗುವುದು ಸ್ಮಶಾನಕ್ಕೆ. ಇಲ್ಲಿನ ಸೈಕಲ್ ಸವಾರರೆಲ್ಲ ಮಾಡುವುದು ಇದನ್ನೇ. ಊರಾಚೆ ಕಲ್ಲಿನ ಗೋಡೆ, ನಾಲ್ಕು ಸೈಪ್ರಸ್ ಮರ ಕಂಡರೆ ಅದೇ ಜಾಗ. ಕಬ್ಬಿಣದ ಗೇಟು ತಳ್ಳಿ ಒಳಗೆ ಹೋದರೆ ಗೋಡೆಯ ಪಕ್ಕ ಒಂದು ನಲ್ಲಿ, ಅದರ ಕೆಳಗೆ ಒಂದೆರಡು ಪ್ಲಾಸ್ಟಿಕ್ ನೀರಿನ ಡಬ್ಬಿ. ಸಮಾಧಿಯ ಮೇಲಿನ ಹೂಗಿಡಗಳಿಗೆ ನೀರು ಹಾಕಲು ಇಟ್ಟಿರುವುದು. ಹೆಚ್ಚಾಗಿ ಅದು ಊರಿನ ಕುಡಿಯುವ ನೀರೇ. 'ನೋಂ ಪೊತಾಬ್ಲ್' ಅಂತ ಬೋರ್ಡು ಇದ್ದರೆ ಮಾತ್ರ ಕುಡಿಯಬೇಡಿ. ಟೋಪಿ ಒದ್ದೆ ಮಾಡಿಕೊಳ್ಳಲು ಆಗುತ್ತದೆ. ನಾನು ಬಾಟಲಿ ತುಂಬಿಕೊಂಡು, ಗೇಟು ಹಾಕಿ, ಗದ್ದಲ ಮಾಡದೆ ಹೊರಡುತ್ತೇನೆ. ಅದು ಅವರ ಹಿರಿಯರು ಮಲಗಿರುವ ಜಾಗ ಅಲ್ವಾ.

ಬ್ರೆಡ್ಡಿನ ಅಂಗಡಿಯದ್ದೂ ಒಂದು ಲೆಕ್ಕ ಇದೆ. ಹನ್ನೆರಡೂವರೆ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕರ ಸುಮಾರಿಗೆ. ಸೋಮವಾರ ಬಹಳ ಕಡೆ ರಜೆ. ಆದ್ದರಿಂದ ಹನ್ನೊಂದು ಗಂಟೆಗೇ ಮಧ್ಯಾಹ್ನದ ಊಟ ಕೊಂಡು ಜೇಬಿಗೆ ಸೇರಿಸುವುದು ನನ್ನ ಪದ್ಧತಿ. ನಾನು ಸಸ್ಯಾಹಾರಿ. ಅರ್ಧ ಬಾಗೆತ್, ಪಿಕೊದೋಂ ಅನ್ನುವ ಈ ಸೀಮೆಯ ಮೇಕೆ ಹಾಲಿನ ಚೀಸ್, ಒಂದು ಹಿಡಿ ಆಲಿವ್, ಜುಲೈ ಆದರೆ ಏಪ್ರಿಕಾಟ್. ಇಷ್ಟಿದ್ದರೆ ನೂರು ಕಿಲೋಮೀಟರ್ ಆರಾಮಾಗಿ ಸಾಗುತ್ತದೆ. ಅಂಗಡಿಗೆ ಕಾಲಿಟ್ಟ ತಕ್ಷಣ ಬೊಂಜೂರ್ ಹೇಳಿ. ಹೇಳದೆ ನೇರ ಬ್ರೆಡ್ ಕೇಳುವುದು ಇಲ್ಲಿ ಒರಟುತನ.

ಬುಯಿಯಿಂದ ಮೊಲಾಂಗೆ ಇಳಿದು, ತುಲುರಾಂ ಹೊಳೆಯ ಕಣಿವೆ ಸೇರುವ ದಾರಿ ನನಗೆ ಬಹಳ ಇಷ್ಟ. ಬಲಗಡೆ ವಾಂಟೂ ಬೆಟ್ಟದ ಉತ್ತರದ ಮೈ ಕಡಿದಾಗಿ ನಿಂತಿರುತ್ತದೆ, ಎಡಗಡೆ ಬಂಡೆಗೆ ಅಂಟಿಕೊಂಡ ಬ್ರಾಂತ್ ಹಳ್ಳಿ. ಕಾರು ಅಪರೂಪ. ಬಂದ ಕಾರೂ ಹಿಂದೆಯೇ ಕಾಯುತ್ತದೆ. ಊರಿನ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಇಲ್ಲಿ ಕಾನೂನು. ಈ ಕಣಿವೆಯ ಕೊನೆಗೆ ಮೋಂಬ್ರಾಂ-ಲೆ-ಬ್ಯಾಂ, ಅಲ್ಲಿಂದ ಏರಿದರೆ ಲ್ಯಾವೆಂಡರ್ ಹೊಲಗಳ ನಡುವಿನ ಸೋ ಊರು.

ಬೇಸಿಗೆಯಲ್ಲಿ ಒಂದು ಎಚ್ಚರ ಬೇಕು. 'ಗ್ರಾವಿಯೋಂ' ಅಂತ ಬರೆದ ಬೋರ್ಡು ಕಂಡರೆ ವೇಗ ಇಳಿಸಿ. ಟಾರು ಸುರಿದು ಮೇಲೆ ಸಣ್ಣ ಜಲ್ಲಿ ಹರಡಿ, ಓಡಾಡುವ ವಾಹನಗಳೇ ಅದನ್ನು ಒತ್ತಲಿ ಅಂತ ಬಿಟ್ಟಿರುತ್ತಾರೆ. ಚಕ್ರ ಓಡಿದ ಎರಡು ಪಟ್ಟೆ ಗಟ್ಟಿಯಾಗಿರುತ್ತದೆ. ನಡುವೆ ಮತ್ತು ತಿರುವಿನ ಅಂಚಿನಲ್ಲಿ ಸಡಿಲ ಜಲ್ಲಿ ಗುಡ್ಡೆಯಾಗಿರುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ತಿರುವಿನಲ್ಲಿ ಕೈ ಸಡಿಲ ಬಿಟ್ಟು, ಆ ಗಟ್ಟಿ ಪಟ್ಟೆಯ ಮೇಲೇ ಹೋಗಬೇಕು. ಇದೇ ಕಾರಣಕ್ಕೆ ನಾನು 32 ಎಂಎಂ ಅಗಲದ ಟೈರ್ ಹಾಕುತ್ತೇನೆ.

ಇನ್ನು ವಾಂಟೂ. ಎತ್ತರ ಸುಮಾರು 1,910 ಮೀಟರ್. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಇಲ್ಲಿಗೆ ಮೊದಲು ಬಂದದ್ದು 1951ರಲ್ಲಿ. ಮೂರು ಕಡೆಯಿಂದ ಟಾರು ರಸ್ತೆ ಇದೆ: ಬೆದ್ವಾಂ, ಮಾಲೊಸೆನ್, ಸೋ. ಹೆಸರು ಮಾಡಿದ್ದು ಬೆದ್ವಾಂ ದಾರಿ. 21 ಕಿ.ಮೀ. ಚಿಲ್ಲರೆ ದೂರ, ಸುಮಾರು 1,600 ಮೀಟರ್ ಏರು. ಸ್ಯಾಂತ್-ಎಸ್ತೆವ್ ತಿರುವು ದಾಟಿ ಕಾಡಿನೊಳಗೆ ಹೊಕ್ಕರೆ ಶೇ. 9-10ರ ಏರು ಬಿಡುವಿಲ್ಲದೆ ಬರುತ್ತದೆ. ನಂದಿ ಬೆಟ್ಟ ಹತ್ತಿ ರೂಢಿ ಇರುವ ಬೆಂಗಳೂರಿನ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಮೊದಲ ಸಲ ಸೋ ಕಡೆಯಿಂದ ಹತ್ತಿ. 26 ಕಿ.ಮೀ. ಇದ್ದರೂ ಏರು ಮೆತ್ತಗೆ. ಷಾಲೇ ರೆನಾರ್ ಎಂಬ ಬೆಟ್ಟದ ಹೋಟೆಲಿನ ಬಳಿ ಅದು ಬೆದ್ವಾಂ ರಸ್ತೆಗೆ ಸೇರುತ್ತದೆ. ಅಲ್ಲಿ ಬಾಟಲಿ ತುಂಬಿಸಿಕೊಳ್ಳಿ, ಏಕೆಂದರೆ ಮುಂದಿನ ಆರು ಕಿ.ಮೀ. ಬರೀ ಬಿಳಿ ಸುಣ್ಣಕಲ್ಲು, ಒಂದು ಮರದ ನೆರಳಿಲ್ಲ. ಬ್ರಿಟನ್ನಿನ ಸೈಕಲ್ ಸ್ಪರ್ಧಿ ಟಾಮ್ ಸಿಂಪ್ಸನ್ 1967ರ ಜುಲೈ 13ರಂದು ಟೂರ್ ನಡೆಯುವಾಗ ಕುಸಿದು ಸತ್ತದ್ದು ಈ ಭಾಗದಲ್ಲೇ. ರಸ್ತೆ ಬದಿಯ ಅವನ ಸ್ಮಾರಕಕ್ಕೆ ಸವಾರರು ಟೋಪಿ, ಬಾಟಲಿ ಇಟ್ಟು ಮುಂದೆ ಹೋಗುತ್ತಾರೆ. ನಾನೂ ಅಲ್ಲಿ ನಿಲ್ಲದೆ ಹೋಗಿದ್ದಿಲ್ಲ.

ಗೇರ್ ವಿಷಯದಲ್ಲಿ ಹಟ ಬೇಡ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 34 ಹಲ್ಲು ಇರಲಿ. ಟೂರ್‌ನಲ್ಲಿ ಗೇರ್ ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದೇ 1937ರಲ್ಲಿ. ಲಿಯಾನ್ ಪಕ್ಕದ ಸ್ಯಾಂತ್-ಎತಿಯೆನ್‌ನ ಪಾಲ್ ದ ವಿವಿ ಅದಕ್ಕೆ ಎಷ್ಟೋ ವರ್ಷ ಮೊದಲೇ, ಬೆಟ್ಟ ಹತ್ತಲು ಗೇರ್ ಬೇಕೇ ಬೇಕು ಅಂತ ಸಾರುತ್ತಿದ್ದರು. ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ ಅಂತ ಸವಾರರಿಗೆ ಕಲಿಸಿದವರೂ ಅವರೇ.

ಆದರೆ ಸೋ ಊರಲ್ಲಿ ಒಂದೇ ದಿನ ಇದೆ, ಏನು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ವಾಂಟೂ ಹೇಳುವುದಿಲ್ಲ, ನೆಸ್ಕ್ ಕಮರಿ ಹೇಳುತ್ತೇನೆ. ಮೋನಿಯೂ ದಾಟಿ ಮೆಲ್ಲಗೆ ಏರಿ 734 ಮೀಟರ್ ಎತ್ತರದ ನೋಟದ ಕಟ್ಟೆಗೆ ಬಂದರೆ ಎದುರಿಗೆ ರೋಶೆ ದ್ಯು ಸೀರ್ ಬಂಡೆ, ಕೆಳಗೆ ಪಾತಾಳದಂಥ ಕಮರಿ. ಅಲ್ಲಿಂದ ವಿಲ್-ಸ್ಯುರ್-ಓಜೋಂವರೆಗೆ ಸುಮಾರು 20 ಕಿ.ಮೀ. ಇಳಿಜಾರು. ಬ್ರೇಕ್ ಹಿಡಿಯಬೇಕಾದಷ್ಟು ಕಡಿದಲ್ಲ, ತುಳಿಯಬೇಕಾದಷ್ಟು ಸಮವೂ ಅಲ್ಲ. ಬಂಡೆ ಕೊರೆದ ಸಣ್ಣ ಸುರಂಗಗಳ ಒಳಗೆ ತಣ್ಣಗೆ ಹೊಕ್ಕು ಬಿಸಿಲಿಗೆ ಹೊರಬರುತ್ತಾ ಹೋಗಬಹುದು. ಬೆಳಿಗ್ಗೆ ಎಂಟಕ್ಕೇ ಹೊರಟರೆ ಮೋಟಾರ್‌ಸೈಕಲ್‌ಗಳ ಸದ್ದೂ ಇರುವುದಿಲ್ಲ.

ಕೊನೆಯ ದಿನ ಬೆದ್ವಾಂನಿಂದ ಮಾದ್ಲೆನ್ ಕಣಿವೆದಾರಿ ಹತ್ತಿ ಮಾಲೊಸೆನ್, ಅಲ್ಲಿಂದ ಸ್ಯುಜೆಟ್ ಹಳ್ಳಿಯ ಮೇಲೆ ಬೋಮ್-ದ-ವೆನೀಸ್. ಸ್ಯುಜೆಟ್ ಕಡೆ ಗಿಡ್ಡ ಏರುಗಳು ಕಾಲನ್ನು ಹಿಂಡುತ್ತವೆ. ಹಿಂದಿನ ದಿನ ವಾಂಟೂ ಹತ್ತಿದ್ದರೆ ಇದನ್ನು ಬಿಟ್ಟು ಬಯಲಿನ ದಾರಿ ಹಿಡಿಯಿರಿ. ಅಲ್ಲಿಂದ ದ್ರಾಕ್ಷಿ ತೋಟಗಳ ನಡುವೆ ಒರಾಂಜ್‌ವರೆಗೆ ಬಹುಪಾಲು ಚಪ್ಪಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಸ್ಟೇಷನ್ ಸೇರಿದರೆ ಒಳ್ಳೆಯದು. ಸಂಜೆಯ ರೈಲಿನಲ್ಲಿ ಸೈಕಲ್ ಕೊಕ್ಕೆಗಳು ಬೇಗ ತುಂಬಿಬಿಡುತ್ತವೆ.