ಸ್ಪ್ಲಿಟ್ ಅಂತ ಸುಮ್ನೆ ಷೇರು ಮಾರಬೇಡಿ

ಸ್ಪ್ಲಿಟ್ (ಒಂದು ಷೇರನ್ನು ಹಲವು ಸಣ್ಣ ಷೇರುಗಳಾಗಿ ಒಡೆಯುವುದು) ಸುದ್ದಿ ಬಂದ ಕೂಡಲೇ ಮಾರೋದಾ, ಇಟ್ಟುಕೊಳ್ಳೋದಾ ಅಂತ ತುಂಬಾ ಜನ ಕೇಳುತ್ತಾರೆ. ಕೆನರಾ ಬ್ಯಾಂಕನ್ನೇ ನೋಡಿ. 2024ರ ಮೇ 15ರಂದು 10 ರೂಪಾಯಿ ಮುಖಬೆಲೆಯ ಒಂದು ಷೇರು 2 ರೂಪಾಯಿಯ ಐದು ಷೇರಾಯಿತು. ಬೆಲೆಯೂ ಅದೇ ಲೆಕ್ಕದಲ್ಲಿ ಇಳಿಯಿತು. ಸ್ಪ್ಲಿಟ್‌ನಿಂದ ಯಾರ ದುಡ್ಡೂ ಹೆಚ್ಚಲಿಲ್ಲ, ಕಮ್ಮಿಯೂ ಆಗಲಿಲ್ಲ. ಇಂಥ ದಿನ ಆ್ಯಪ್‌ನಲ್ಲಿ ಶೇ 80 ನಷ್ಟ ಕಂಡರೆ ದಯವಿಟ್ಟು ಗಾಬರಿಯಾಗಿ ಮಾರಬೇಡಿ. ಹೊಸ ಷೇರು ನಿಮ್ಮ ಷೇರು ಇರುವ ಡಿಮ್ಯಾಟ್ ಖಾತೆಗೆ ಬರಲು ಒಂದೆರಡು ದಿನ ಹಿಡಿಯಬಹುದು, ಅಲ್ಲಿಯವರೆಗೆ ಹಾಗೆ ಕಾಣಬಹುದು.

ತೆರಿಗೆಗೆ ನೀವು ಮೊದಲು ಕೊಂಡ ದಿನವೇ ಲೆಕ್ಕ. ಕಂಪನಿ ಉಚಿತವಾಗಿ ಕೊಡುವ ಬೋನಸ್ ಷೇರಿಗೆ ಹೀಗಲ್ಲ, ನೆನಪಿರಲಿ. ಲಾಭದಲ್ಲಿದ್ದು, ಕೊಂಡು ವರ್ಷ ತುಂಬಲು ಸ್ವಲ್ಪವೇ ಬಾಕಿಯಿದ್ದರೆ ಕಾಯಿರಿ. ತೆರಿಗೆ ಶೇ 20ರಿಂದ 12.5ಕ್ಕೆ ಇಳಿಯುತ್ತದೆ. ಕಂಪನಿಯ ವ್ಯವಹಾರದ ಮೇಲೆಯೇ ನಂಬಿಕೆ ಹೋಗಿದ್ದರೆ ಮಾರಿ, ಸ್ಪ್ಲಿಟ್‌ಗೆ ಮೊದಲಾದರೂ ಸರಿ, ಆಮೇಲಾದರೂ ಸರಿ.